ಲಿಂಗವಂತನ ನಿತ್ಯಾಚಾರದಲ್ಲಿ ದೇಹಧರ್ಮ

ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸಿದಂದೇ ಆ ಶಿಷ್ಯನ ದೇಹದ ಒಡೆತನವು ಬದಲಾಯಿತೆಂದು ತಿಳಿಯತಕ್ಕದ್ದು. ಅದುವರೆಗೆ ಅದು ಉಂಡು, ಉಟ್ಟು, ಮಲಗಿ, ಏಳುವ ಒಂದು ಶರೀರ. ಅಂದಿನಿಂದ ಅದು ಲಿಂಗವು ನೆಲೆಸಿದ ಕ್ಷೇತ್ರ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ವಚನವು ಲಿಂಗವಂತರ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೆ ಅದನ್ನು ನಿತ್ಯವೂ ಹಾಡುವ ಮನೆಯಲ್ಲಿಯೇ ಆ ದೇವಾಲಯದ ಗೋಡೆ ಬಿರಿಯುತ್ತಿದ್ದರೂ, ಮಾಡು ಸೋರುತ್ತಿದ್ದರೂ ನೋಡುವವರಿಲ್ಲ. ಊರ ಗುಡಿಗೆ ಸುಣ್ಣ ಬಳಿಯಿಸಲು ವರ್ಷಕ್ಕೊಮ್ಮೆ ಪಟ್ಟಿ ಎತ್ತುವ ಭಕ್ತರು ತಮ್ಮ ಮೈಯೆಂಬ ಗುಡಿಯ ಕಡೆಗೆ ಕಣ್ಣೆತ್ತಿ ನೋಡುವುದು ಅದು ಕುಸಿಯತೊಡಗಿದ ಮೇಲೆ, ಆಸ್ಪತ್ರೆಯ ಮಂಚದಲ್ಲಿ.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ಒಂದು ತಪ್ಪು ತಿಳಿವಳಿಕೆಯೂ ಕಾರಣ. ದೇಹವು ನಶ್ವರವಾದುದು, ಅದರ ಚಿಂತೆ ಭಕ್ತನಿಗೇಕೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಶರಣರು ಜರೆದದ್ದು ದೇಹಾಭಿಮಾನವನ್ನು. ಗೋರಕ್ಷನು ಯೋಗಬಲದಿಂದ ದೇಹವನ್ನು ವಜ್ರವಾಗಿಸಿಕೊಂಡು ಅದನ್ನೇ ಸಿದ್ಧಿಯೆಂದು ಗರ್ವಿಸಿದಾಗ ಅಲ್ಲಮಪ್ರಭುವು ಆ ಗರ್ವವನ್ನು ಮುರಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹಾಗೆಂದು ದೇಹವನ್ನು ಒಣಗಿಸಿ, ದಂಡಿಸಿ, ಅದನ್ನೇ ತಪಸ್ಸೆಂದು ಬಗೆಯುವ ಮಾರ್ಗವನ್ನೂ ಶರಣರು ಹಿಡಿಯಲಿಲ್ಲ. ಅವರ ಗಣದಲ್ಲಿ ವೈದ್ಯ ಸಂಗಣ್ಣನಿಗೂ ಸ್ಥಾನವಿತ್ತು. ಮದ್ದು ಅರೆಯುವುದೂ ಒಂದು ಕಾಯಕವಾಗಿತ್ತು. ಒಡೆಯನ ಕುದುರೆಯನ್ನು ನೋಡಿಕೊಳ್ಳುವ ಆಳು ಅದನ್ನು ತನ್ನದೆಂದು ಮೆರೆಯುವುದೂ ಇಲ್ಲ, ಹುಲ್ಲುನೀರಿಲ್ಲದೆ ಕಟ್ಟಿಹಾಕುವುದೂ ಇಲ್ಲ. ಲಿಂಗವಂತನಿಗೂ ಅವನ ದೇಹಕ್ಕೂ ಇರಬೇಕಾದ ಸಂಬಂಧ ಇಷ್ಟೇ.

ದೊಡ್ಡ ರೋಗ ಬಂದರೆ ಎಲ್ಲರೂ ಓಡಾಡುತ್ತಾರೆ. ಹರಕೆ ಹೊರುತ್ತಾರೆ, ಹೊಲ ಮಾರುತ್ತಾರೆ. ಆದರೆ ಅನೇಕ ರೋಗಗಳಿಗೆ ಬಾಗಿಲು ತೆರೆಯುವ ಸಣ್ಣ ರೂಢಿಗಳು ಸಣ್ಣವಾಗಿರುವುದರಿಂದಲೇ ಕಣ್ತಪ್ಪಿಸಿಕೊಳ್ಳುತ್ತವೆ. ಹಿರಿಯರು ಇಂಥ ರೂಢಿಗಳನ್ನು ಬೇರೆಯಾಗಿ ಬೋಧಿಸದೆ ಲಿಂಗಪೂಜೆಯ ನಿತ್ಯಾಚಾರದಲ್ಲಿಯೇ ಹೆಣೆದಿಟ್ಟರು. ಏಳುವುದು, ಮೀಯುವುದು, ನೀರು ಸೋಸುವುದು, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುವುದು, ಅರ್ಪಿಸಿ ಉಣ್ಣುವುದು ಇವೆಲ್ಲವೂ ಆ ಹೆಣಿಗೆಯ ಎಳೆಗಳು. ಕಾಲಕ್ರಮದಲ್ಲಿ ಪೂಜೆಯು ಅರ್ಧ ಗಳಿಗೆಯ ಕೆಲಸವಾಯಿತು. ಅದರೊಡನೆ ಬಂದ ಆಚಾರಗಳು ಪೂಜೆಯ ಕೋಣೆಯೊಳಗೇ ಉಳಿದುವು. ಹೊಸ್ತಿಲು ದಾಟಿ ಅಡುಗೆಮನೆಗೂ ಅಂಗಡಿಗೂ ಹೊಲಕ್ಕೂ ಬರಲಿಲ್ಲ.

ನೀರಿನ ಮಾತನ್ನೇ ತೆಗೆದುಕೊಳ್ಳಬಹುದು. ಲಿಂಗದ ಮಜ್ಜನಕ್ಕೆ ತರುವ ನೀರಿಗೆ ಅಗ್ಘವಣಿಯೆಂದು ಹೆಸರು. ಅಗ್ಘವಣಿ ಹೊನ್ನಯ್ಯ, ಅಗ್ಘವಣಿ ಹಂಪಯ್ಯ ಎಂಬ ಶರಣರ ಹೆಸರಿನಲ್ಲಿಯೇ ಅದು ಸೇರಿಕೊಂಡಿದೆ. ನೀರನ್ನು ಬಟ್ಟೆಯಲ್ಲಿ ಸೋದಿಸದೆ ಲಿಂಗಕ್ಕೆ ಎರೆಯಬಾರದು, ತಾನೂ ಕುಡಿಯಬಾರದು ಎಂಬುದು ಹಿರಿಯರ ಕಟ್ಟಳೆ. ಅವರು ಹೇಳುತ್ತಿದ್ದ ಕಾರಣ ಜೀವದಯೆ. ನೀರಿನಲ್ಲಿರುವ ಸಣ್ಣ ಜೀವಿಗಳು ಸಾಯಬಾರದೆಂದು. ಆ ಜೀವಿಗಳನ್ನು ಉಳಿಸಿದ ಬಟ್ಟೆಯು ಕುಡಿಯುವವನನ್ನೂ ಉಳಿಸುತ್ತದೆಂಬುದಕ್ಕೆ ಈ ನಾಡಿನಲ್ಲಿಯೇ ಸಾಕ್ಷಿಯುಂಟು.

ಬಯಲುಸೀಮೆಯ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಕಾಲಿನಲ್ಲಿ ಬೊಬ್ಬೆಯೆದ್ದು, ಅದು ಒಡೆದು, ಎರಡು ಮೂರು ಅಡಿ ಉದ್ದದ ದಾರದಂಥ ಹುಳುವು ದಿನಕ್ಕಿಷ್ಟಿಷ್ಟಾಗಿ ಹೊರಬೀಳುತ್ತಿತ್ತು. ಸುಗ್ಗಿಯ ಹೊತ್ತಿಗೆ ದುಡಿಯುವ ಗಂಡಸು ವಾರಗಟ್ಟಲೆ ಮೂಲೆ ಹಿಡಿಯುತ್ತಿದ್ದನು. ಅದರ ಹುಟ್ಟು ಮೆಟ್ಟಿಲುಬಾವಿಯಲ್ಲಿ. ಹುಣ್ಣಿನ ಕಾಲನ್ನು ತಣ್ಣನೆಯ ನೀರಿಗೆ ಇಳಿಬಿಟ್ಟಾಗ ಹುಳುವು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಚುಕ್ಕೆಯಷ್ಟು ಚಿಕ್ಕ ನೀರ್ಚಿಗಟಗಳು ಅವನ್ನು ನುಂಗುತ್ತವೆ. ಆ ಚಿಗಟಗಳಿರುವ ನೀರನ್ನು ಇನ್ನೊಬ್ಬನು ಕುಡಿದರೆ, ಸುಮಾರು ಒಂದು ವರ್ಷದ ಮೇಲೆ ಹುಳುವು ಅವನ ಕಾಲಿನಲ್ಲಿ ತಲೆಯೆತ್ತುತ್ತದೆ. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಒಳಗೇ ಕೊಲ್ಲುವ ಮದ್ದೂ ಇಲ್ಲ. ಭಾರತದಲ್ಲಿ 1983–84ರಲ್ಲಿ ಇದರ ನಿರ್ಮೂಲನದ ಕಾರ್ಯಕ್ರಮ ಆರಂಭವಾದಾಗ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆಯಿಸುವುದು, ಬಾವಿಗೆ ಔಷಧ ಹಾಕುವುದು ಇವುಗಳೊಡನೆ ಮನೆಮನೆಗೂ ಹೇಳಿದ ಮಾತು ಒಂದೇ: ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿರಿ. 1996ರ ಜುಲೈ ತಿಂಗಳಿನ ಅನಂತರ ಭಾರತದಲ್ಲಿ ಹೊಸ ನಾರುಹುಣ್ಣು ಕಾಣಿಸಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವೆಂದು ಪ್ರಮಾಣಪತ್ರ ನೀಡಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನೀರು ಸೋದಿಸುವ ಆಚಾರವು ಎಂಟು ಶತಮಾನಗಳಿಂದ ತಿಳಿದಿದ್ದ ನಾಡಿನಲ್ಲಿಯೇ ಈ ಹುಣ್ಣು ಅಷ್ಟು ಕಾಲ ಉಳಿದದ್ದು ಹೇಗೆ? ಪೂಜೆಯ ತಂಬಿಗೆಗೆ ಬಟ್ಟೆ ಕಟ್ಟಿದ ಕೈಯೇ ಹೊಲದಲ್ಲಿ ಬಾಯಾರಿದಾಗ ಬಾವಿಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿಯಿತು. ಲಿಂಗಕ್ಕೆ ಒಂದು ನೀರು, ಅಂಗಕ್ಕೆ ಒಂದು ನೀರು ಎಂಬ ಭೇದವು ಅಲ್ಲಿ ನುಸುಳಿತು.

ಬಟ್ಟೆಯು ಎಲ್ಲವನ್ನೂ ತಡೆಯುತ್ತದೆಂದು ಭಾವಿಸಬಾರದು. ವಾಂತಿಭೇದಿ, ವಿಷಮಶೀತಜ್ವರಗಳ ಕ್ರಿಮಿಗಳು ನೂಲಿನ ಸಂದಿನಲ್ಲಿ ಸುಲಭವಾಗಿ ನುಸುಳುತ್ತವೆ. ಸಂದೇಹದ ನೀರನ್ನು ಸೋಸಿದ ಮೇಲೆ ಕುದಿಸಲೂ ಬೇಕು. ತಳದಿಂದ ಮಳ್ಳುತ್ತ ಒಂದು ನಿಮಿಷ ಕುದಿದರೆ ಸಾಕು. ಈಗ ಹಳ್ಳಿಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಾಗಿವೆ, ಜನರು ನಾಣ್ಯ ಹಾಕಿ ಕ್ಯಾನಿನಲ್ಲಿ ನೀರು ತರುತ್ತಾರೆ. ತಂದು ಎಲ್ಲಿ ಸುರಿಯುತ್ತಾರೆ? ವಾರದಿಂದ ತಿಕ್ಕದ ಕೊಡದಲ್ಲಿ. ತೆಗೆಯುವುದು ಹೇಗೆ? ಲೋಟದ ಜೊತೆಗೆ ನಾಲ್ಕು ಬೆರಳುಗಳನ್ನೂ ಅದ್ದಿ. ಉದ್ದ ಹಿಡಿಯ ಸೌಟೊಂದನ್ನು ಕೊಡದ ಮಗ್ಗುಲಲ್ಲಿ ತೂಗಹಾಕುವುದಕ್ಕೆ ಎಷ್ಟು ಖರ್ಚು? ಲಿಂಗವನ್ನು ಮುಟ್ಟುವ ಮುನ್ನ ಕೈ ತೊಳೆಯುವ ಗೃಹಸ್ಥನು ಮೊಮ್ಮಗನಿಗೆ ತುತ್ತಿಡುವ ಮುನ್ನ ಅದೇ ಕೈಯನ್ನು ಧೋತರಕ್ಕೆ ಒರಸಿಕೊಳ್ಳುವುದನ್ನು ಕಂಡರೆ, ಸಾಬೂನಿನ ಬಿಲ್ಲೆಯೊಂದು ಬಚ್ಚಲಿನಲ್ಲಿದ್ದೂ ಊಟದ ಹೊತ್ತಿಗೆ ಯಾರ ಲಕ್ಷ್ಯಕ್ಕೂ ಬಾರದಿರುವುದನ್ನು ಕಂಡರೆ, ಶುಚಿಯು ಎಲ್ಲಿ ನಿಂತುಹೋಯಿತೆಂಬುದು ತಾನೇ ತಿಳಿಯುತ್ತದೆ.

ನಿದ್ರೆಯ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬುದನ್ನು ನೆನಪಿಟ್ಟವರು, ಹಾಗೆ ಹೇಳಿದ ಹಿರಿಯರು ದೀಪ ಹಚ್ಚಿದ ಮೇಲೆ ಬಹಳ ಹೊತ್ತು ಎಚ್ಚರವಿರುತ್ತಿರಲಿಲ್ಲ ಎಂಬುದನ್ನು ಮರೆತಿದ್ದಾರೆ. ನಡುರಾತ್ರಿಯ ತನಕ ಮೊಬೈಲಿನ ಬೆಳಕಿನಲ್ಲಿ ಕಣ್ಣು ನೆಟ್ಟು, ನಾಲ್ಕು ಗಂಟೆಗೆ ಗಡಿಯಾರದ ಬಡಿತಕ್ಕೆ ಎದ್ದು ಕುಳಿತವನ ಪೂಜೆಯಲ್ಲಿ ದೃಷ್ಟಿಯು ಲಿಂಗದಲ್ಲಿ ನಿಲ್ಲುವುದಿಲ್ಲ, ತೂಕಡಿಕೆಯಲ್ಲಿ ನಿಲ್ಲುತ್ತದೆ. ಪ್ರಾಯದವರಿಗೆ ದಿನಕ್ಕೆ ಏಳು ಗಂಟೆಗಳಷ್ಟಾದರೂ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಬೇಗ ಏಳುವ ವ್ರತವು ಬೇಗ ಮಲಗುವ ವ್ರತದಿಂದ ಆರಂಭವಾಗಬೇಕು.

ಕಾಯಕದ ವಿಷಯವೂ ಹೀಗೆಯೇ. ನುಲಿಯ ಚಂದಯ್ಯನು ಮೆದೆಹುಲ್ಲು ಕೊಯ್ದು ಹಗ್ಗ ಹೊಸೆದನು, ಮೋಳಿಗೆಯ ಮಾರಯ್ಯನು ಸೌದೆ ಹೊತ್ತನು. ಅವರಿಗೆ ಮೈಬಗ್ಗಿಸುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವುದೂ ಕಚೇರಿಯಲ್ಲಿ ಕುಳಿತು ಕಡತ ನೋಡುವುದೂ ಕಾಯಕವೇ, ಸಂದೇಹವಿಲ್ಲ. ಆದರೆ ಆ ಕಾಯಕದಲ್ಲಿ ಕಾಯಕ್ಕೆ ಪಾಲಿಲ್ಲ. ಅಂಥವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಸಂಜೆ ಮಠದ ಅನುಭಾವಗೋಷ್ಠಿಗೆ ಬರುವಾಗ ಬಂಡಿಯನ್ನು ಮನೆಯಲ್ಲಿ ಬಿಟ್ಟು ನಡೆದು ಬರಲಿ. ಮಠಕ್ಕೆ ಬರುವ ಅರ್ಧ ಮೈಲಿಗೂ ಮೋಟಾರು ಬೈಸಿಕಲ್ಲು ಬೇಕೆನ್ನುವ ತರುಣರೇ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದುಂಟು. ಆ ಭಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲುಗಳಿಗೆ ವರ್ಷದಲ್ಲಿ ಉಳಿದ ದಿನಗಳೂ ಇವೆ.

ತಾಂಬೂಲದ ವಿಷಯದಲ್ಲಿ ಹಡಪದ ಅಪ್ಪಣ್ಣನ ಹೆಸರನ್ನು ಎತ್ತುವವರುಂಟು. ಬಸವಣ್ಣನವರ ಹಡಪವನ್ನು ಹೊತ್ತ ಆ ಮಹಾನುಭಾವನ ಕಾಲದಲ್ಲಿ ತಂಬಾಕು ಭಾರತಕ್ಕೇ ಬಂದಿರಲಿಲ್ಲ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಬಂದದ್ದು ಮುನ್ನೂರು ನಾನೂರು ವರ್ಷಗಳ ತರುವಾಯ. ಆದುದರಿಂದ ಎಲೆಯಲ್ಲಿ ಹೊಗೆಸೊಪ್ಪು ಮಡಿಸುವವನು ಶರಣರ ಹೆಸರನ್ನು ಮರೆಯಾಗಿ ಹಿಡಿಯಲಾಗದು. ಬರಿಯ ಅಡಿಕೆಯ ಮೇಲೂ ಅಪವಾದವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನೂ ಅರ್ಬುದಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಅಡಿಕೆಯ ತೋಟವನ್ನೇ ನಂಬಿದ ಭಕ್ತರಿಗೆ ಇದು ಕಹಿಯಾಗಿ ಕೇಳಿಸಬಹುದು. ಲಿಂಗಕ್ಕೆ ಒಂದು ವೀಳ್ಯವನ್ನು ಅರ್ಪಿಸುವುದಕ್ಕೂ ದವಡೆಯಲ್ಲಿ ಹಗಲಿಡೀ ಇಟ್ಟುಕೊಂಡಿರುವುದಕ್ಕೂ ಇರುವ ಅಂತರವನ್ನಾದರೂ ಅವರು ಒಪ್ಪಿಯಾರು.

ಇನ್ನು ಪ್ರಸಾದ. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೆಂದು ಒಂದನ್ನು ಬೇರೆಯಾಗಿ ನಿಲ್ಲಿಸಿದ ಧರ್ಮವು ಊಟವನ್ನು ಹಗುರವಾಗಿ ಎಣಿಸಲಿಲ್ಲ. ಲಿಂಗಕ್ಕೆ ಅರ್ಪಿಸಿ ಉಣ್ಣುವವನು ತಟ್ಟೆಯಲ್ಲಿರುವುದನ್ನು ನೋಡುತ್ತಾನೆ, ಅದರ ರೂಪವನ್ನೂ ಕಂಪನ್ನೂ ರುಚಿಯನ್ನೂ ಅರಿತು ಒಪ್ಪಿಸುತ್ತಾನೆ. ಬೇಕಾದಷ್ಟನ್ನೇ ನೀಡಿಸಿಕೊಳ್ಳುತ್ತಾನೆ, ಏಕೆಂದರೆ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಹಾಕಿ ಬರುವಂತೆ ಮಾರಯ್ಯನನ್ನು ಕಳುಹಿಸಿದ ಲಕ್ಕಮ್ಮನ ಕಥೆಯನ್ನು ಕೇಳದ ಭಕ್ತರಿಲ್ಲ. ದೂರದರ್ಶನದ ಮುಂದೆ ತಟ್ಟೆ ಹಿಡಿದು ಏನುಂಡೆನೆಂಬುದೇ ತಿಳಿಯದೆ ಉಣ್ಣುವವನು ಹಸಿವು ಮುಗಿದ ಮೇಲೂ ಉಣ್ಣುತ್ತಾನೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಮೇಲೆ ಮತ್ತೆ ಉಪ್ಪು ನೀಡಿಸಿಕೊಳ್ಳುತ್ತಾನೆ. ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಮಿಗಿಂತ, ಅಂದರೆ ಚಹದ ಒಂದು ಚಮಚೆಗಿಂತ, ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನೇಕ ಮನೆಗಳಲ್ಲಿ ಅಷ್ಟು ಉಪ್ಪು ಮಧ್ಯಾಹ್ನದೊಳಗೇ ಮುಗಿದಿರುತ್ತದೆ.

ಆದರೆ ಊಟದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪಿದ್ದು ಬೇರೆಯೇ ಒಂದಿದೆ. ಅದನ್ನು ಒಂದು ಪ್ರಸಂಗದ ಮೂಲಕ ಹೇಳಬಹುದು.

ಜೋಳದ ಸೀಮೆಯ ಒಂದು ಊರಿನಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಮನೆಗೆ ಮಠದ ವೃದ್ಧ ಸ್ವಾಮಿಗಳು ಬಿನ್ನಹಕ್ಕೆ ದಯಮಾಡಿಸಿದ್ದರು. ಆಚಾರವಂತರ ಮನೆ. ಗಂಡಸರೆಲ್ಲ ಪಂಕ್ತಿಯಲ್ಲಿ ಕುಳಿತಿದ್ದರು. ಮನೆಯ ಸೊಸೆಯು ಗೋದಿ ಹುಗ್ಗಿಯ ಪಾತ್ರೆಯನ್ನು ಹಿಡಿದು ಅಡುಗೆಮನೆಯಿಂದ ಬಂದವಳು ಬಾಗಿಲ ಚೌಕಟ್ಟನ್ನು ಹಿಡಿದು ಹಾಗೆಯೇ ಕುಸಿದು ಕುಳಿತಳು. ಅತ್ತೆಯು ಪಾತ್ರೆಯನ್ನು ತೆಗೆದುಕೊಂಡು, “ಏನಿಲ್ಲ ಅಪ್ಪಾವರೆ, ಆಕೆಗೆ ಪಿತ್ತ. ಇದು ಯಾವಾಗಲೂ ಇದ್ದದ್ದೇ” ಎಂದಳು.

ಸ್ವಾಮಿಗಳು ತಟ್ಟೆಗೆ ಕೈಯಿಡಲಿಲ್ಲ. “ತಾಯೀ, ಇಂದು ನಿಮ್ಮ ಲಿಂಗಕ್ಕೆ ಏನು ಅರ್ಪಿತವಾಯಿತು?” ಎಂದು ಕೇಳಿದರು.

“ನಸುಕಿನಲ್ಲಿ ಪೂಜೆ ಆಯಿತು, ಅಪ್ಪಾವರೆ. ಒಂದು ಬಟ್ಟಲು ಚಹಾ ತೆಗೆದುಕೊಂಡೆ. ಎಲ್ಲರದೂ ಮುಗಿಯಲಿ ಎಂದು...”

“ನಿನ್ನೆ?”

ಆಕೆ ತಲೆ ತಗ್ಗಿಸಿದಳು. “ಪಲ್ಯ ತೀರಿತ್ತು. ರೊಟ್ಟಿ, ಖಾರ ಇತ್ತು.”

ವ್ಯಾಪಾರಿಗಳಿಗೆ ಸಂಕೋಚವಾಯಿತು. “ಹಿರಿಯರು ಉಂಡು ಉಳಿದದ್ದು ಪ್ರಸಾದವೇ ಅಲ್ಲವೇ, ಅಪ್ಪಾವರೆ? ಅದು ಮನೆಯ ಹೆಣ್ಣುಮಕ್ಕಳ ಭಾಗ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದದ್ದು” ಎಂದರು.

“ಪ್ರಸಾದವೆಂದರೆ ಪ್ರಸನ್ನರಾಗಿ ಕೊಟ್ಟದ್ದು, ಸಾವುಕಾರರೆ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೊಟ್ಟವರಾರು? ನಿಮ್ಮ ಕೊರಳ ಲಿಂಗಕ್ಕೆ ದಿನವೂ ಬಿಸಿ ರೊಟ್ಟಿ, ಎರಡು ಪಲ್ಯ. ಆ ತಾಯಿಯ ಕೊರಳಲ್ಲಿರುವುದು ಬೇರೆ ಲಿಂಗವೇ? ಗುರುವು ದೀಕ್ಷೆ ಕೊಡುವಾಗ ಇದು ಗಂಡಸಿನದು, ಇದು ಹೆಂಗಸಿನದು ಎಂದು ಎರಡು ಬಗೆ ಮಾಡಿ ಕೊಟ್ಟರೇ?” ಸ್ವಾಮಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, “ಅಷ್ಟು ದೊಡ್ಡ ಭಾಗ್ಯವಾದರೆ ಒಂದು ತಿಂಗಳು ನೀವೂ ನಿಮ್ಮ ಮಕ್ಕಳೂ ಅದನ್ನು ಹಂಚಿಕೊಳ್ಳಿರಿ. ತಾಯಂದಿರು ಮೊದಲು ಉಣ್ಣಲಿ” ಎಂದರು.

ಅಂದು ಅವರು ಆ ಸೊಸೆಗೂ ಪಂಕ್ತಿಯಲ್ಲಿ ಎಡೆಮಾಡಿಸಿದ ಮೇಲೆಯೇ ಪ್ರಸಾದಕ್ಕೆ ಕೈಯಿಟ್ಟರು.

ಮರುದಿನ ಆಕೆಯನ್ನು ತಾಲ್ಲೂಕಿನ ಆಸ್ಪತ್ರೆಗೆ ಕರೆದೊಯ್ದರು. ನೂರು ಮಿಲಿಲೀಟರು ರಕ್ತದಲ್ಲಿ 12 ಗ್ರಾಮಿಗೆ ಕಡಿಮೆಯಿರಬಾರದ ಹಿಮೋಗ್ಲೋಬಿನ್ನು ಆಕೆಯಲ್ಲಿ 8 ಗ್ರಾಮಿತ್ತು. ಮನೆಯವರು ಐದು ವರ್ಷ ಪಿತ್ತವೆಂದು ಕರೆದದ್ದಕ್ಕೆ ವೈದ್ಯರು ರಕ್ತಹೀನತೆಯೆಂದು ಹೆಸರಿಟ್ಟರು. ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಅದೇ ವಯಸ್ಸಿನ ಪುರುಷರಲ್ಲಿ ನೂರಕ್ಕೆ 25. ತಿಂಗಳ ಮುಟ್ಟು, ಬಸಿರು, ಬಾಣಂತನಗಳು ಸ್ತ್ರೀಯರಲ್ಲಿ ರಕ್ತವನ್ನು ಹೆಚ್ಚಾಗಿ ಕುಗ್ಗಿಸುತ್ತವೆ, ನಿಜ. ಹೆಚ್ಚಾಗಿ ಖರ್ಚಾಗುವಲ್ಲಿ ಹೆಚ್ಚಾಗಿ ತುಂಬಬೇಕಾದದ್ದು ನ್ಯಾಯ; ಅನೇಕ ಮನೆಗಳ ಕ್ರಮ ಇದಕ್ಕೆ ವಿಪರೀತವಾಗಿದೆ. ಕಾಳು, ಸೊಪ್ಪು, ಹಾಲು, ಮೊಸರುಗಳೆಲ್ಲ ಮೊದಲ ಪಂಕ್ತಿಯಲ್ಲಿಯೇ ಮುಗಿದು, ಕೊನೆಯ ಪಂಕ್ತಿಗೆ ರೊಟ್ಟಿಯೂ ನೀರುಸಾರೂ ಉಳಿಯುತ್ತದೆ.

ವೈದ್ಯರು ಕಬ್ಬಿಣದ ಗುಳಿಗೆಗಳನ್ನು ಕೊಟ್ಟು ಕೆಲವು ತಿಂಗಳು ತಪ್ಪದೆ ನುಂಗಬೇಕೆಂದರು. ಅದರ ಜೊತೆಗೆ ಹೇಳಿದ ಮಾತುಗಳಿಗೆ ಕಾಸು ಖರ್ಚಿಲ್ಲ. ಹೆಸರುಕಾಳು, ಹುರುಳಿ, ರಾಜಗಿರಿ ಸೊಪ್ಪು, ನುಗ್ಗೆಸೊಪ್ಪು ನಿತ್ಯವೂ ತಟ್ಟೆಯಲ್ಲಿರಲಿ. ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಲಿ, ಏಕೆಂದರೆ ನಿಂಬೆಯ ಹುಳಿಯು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟದ ಜೊತೆಗೂ ಊಟವಾದ ಕೂಡಲೂ ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬೆಳಗಿನಿಂದ ಚಹದ ಮೇಲೆಯೇ ಮಧ್ಯಾಹ್ನ ಮಾಡುವ ಗೃಹಿಣಿಯರು ಈ ಕೊನೆಯ ಮಾತನ್ನು ಮೊದಲು ಕೇಳಬೇಕಾಗಿದೆ.

ವ್ಯಾಪಾರಿಗಳ ಮನೆಯಲ್ಲಿ ಸ್ವಾಮಿಗಳ ಅಪ್ಪಣೆಯಂತೆ ಒಂದು ತಿಂಗಳು ನಡೆಯಿತು. ಮೊದಲ ವಾರ ಕಿರಿಯ ಮಗನಿಗೆ ಮೂರು ರಾತ್ರಿ ಪಲ್ಯ ಸಿಕ್ಕಲಿಲ್ಲ. ನಾಲ್ಕನೆಯ ರಾತ್ರಿಯಿಂದ ಪಲ್ಯ ಹೆಚ್ಚಾಗಿಯೇ ಬೇಯತೊಡಗಿತು. ತಿಂಗಳು ಕಳೆದ ಮೇಲೆ ಗಂಡಸರು ಮೊದಲು, ಹೆಂಗಸರು ಮೊದಲು ಎಂಬ ಲೆಕ್ಕವೇ ಬಿಟ್ಟುಹೋಗಿ ಎಲ್ಲರ ತಟ್ಟೆಗಳೂ ಒಂದೇ ಸಾಲಿಗೆ ಬಂದುವು. ರೊಟ್ಟಿಯನ್ನು ಮೊದಲೇ ಬಡಿದು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡುತ್ತಾರೆ. ಒಲೆಯಿಂದ ಇಳಿದ ಬಿಸಿಬಿಸಿ ರೊಟ್ಟಿಯೇ ಬೇಕೆನ್ನುವವನು ತಾನೇ ಎದ್ದು ಒಲೆಯ ಮುಂದೆ ಕುಳಿತುಕೊಳ್ಳಬೇಕು. ಹಿರಿಯ ಮಗನು ಒಂದು ದಿನ ಹಾಗೆ ಕುಳಿತು ಬಡಿದ ರೊಟ್ಟಿಯು ಹಂಚಿಗೆ ಹೋಗುವಾಗಲೇ ಮೂರು ತುಂಡಾಯಿತಂತೆ. ಆ ತುಂಡುಗಳನ್ನೂ ಅವನು ಬಿಡದೆ ಅರ್ಪಿಸಿ ಉಂಡನು. ತಾಯಿಯೂ ಅಜ್ಜಿಯೂ ಪಂಕ್ತಿಯಲ್ಲಿ ಕುಳಿತೇ ನಕ್ಕರು.